ಹಬ್ಬಕ್ಕೆ ಕಾರಿಗೆ ನೀವೇ ಮಷೀನ್ ಪಾಲಿಶ್ ಮಾಡ್ತೀರಾ? ಸ್ವಿಚ್ ಒತ್ತೋ ಮುಂಚೆ ಇದನ್ನ ಓದಿ

ಚಿತ್ರದುರ್ಗ: ಆಯುಧ ಪೂಜೆ ಹತ್ತಿರ ಬಂತು ಅಂದ್ರೆ ಮನೆ ಮುಂದೆ ಗಾಡಿ ತೊಳೆಯೋ ಸಡಗರ ಶುರು. ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು ತರೋ ಜೊತೆಗೆ ಕೆಲವರು ಈಗ ಆನ್‌ಲೈನ್‌ನಲ್ಲಿ ಪಾಲಿಶಿಂಗ್ ಮಷೀನನ್ನೂ ತರಿಸ್ತಾರೆ. ನಾಲ್ಕು ವಿಡಿಯೋ ನೋಡಿ, ಭಾನುವಾರ ಬೆಳಗ್ಗೆ ಸೀದಾ ಬಾನೆಟ್ ಮೇಲೆ ಓಡಿಸಿಬಿಡ್ತಾರೆ.

ಈ ಲೇಖನ ಬರೆದ ನಾನೂ ಅಂಥವನೇ. ಮನೇಲಿ ಬಿದ್ದಿದ್ದ 4 ಇಂಚಿನ ಆಂಗಲ್ ಗ್ರೈಂಡರ್‌ಗೆ ಸ್ಪಾಂಜ್ ಪ್ಯಾಡ್ ಸಿಕ್ಕಿಸಿ ಬಾನೆಟ್ ಅಂಚಿಗೆ ಹಿಡಿದೆ. ಕೆಲವೇ ಸೆಕೆಂಡ್. ಬಣ್ಣ ಹೋಗಿ ಒಳಗಿನ ಬೂದು ಪ್ರೈಮರ್ ಕಾಣಿಸ್ತು. ಹೊಳಪು ಬರಲಿ ಅಂತ ಹೊರಟಿದ್ದು, ಇಡೀ ಬಾನೆಟ್‌ಗೆ ಪೇಂಟ್ ಮಾಡಿಸೋದರಲ್ಲಿ ಮುಗೀತು. ನಿಮಗೆ ಹಾಗಾಗೋದು ಬೇಡ ಅಂತ ಈ ವಿವರ.

ಪಾಲಿಶ್ ಅಂದ್ರೆ ಹಚ್ಚೋದಲ್ಲ, ಸವೆಸೋದು

ಕಾರಿನ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ಕಂಪನಿಯಿಂದ ಬಂದ ಕಾರಲ್ಲಿ ಎಲ್ಲ ಪದರ ಸೇರಿದ್ರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್. ಒಂದು ತಲೆಕೂದಲು ಹತ್ತಿರ ಹತ್ತಿರ 70 ಮೈಕ್ರಾನ್ ದಪ್ಪ ಇರುತ್ತೆ. ಅಂದ್ರೆ ನಿಮ್ಮ ಕಾರಿನ ಹೊಳಪೆಲ್ಲ ನಿಂತಿರೋದು ಕೂದಲಿಗಿಂತ ತೆಳುವಾದ ಒಂದು ಪದರದ ಮೇಲೆ.

ಬಿಸಿಲಲ್ಲಿ ಕಪ್ಪು ಕಾರು ನೋಡಿದ್ರೆ ಜೇಡರ ಬಲೆ ಥರ ಸಣ್ಣ ಗೀರು ಕಾಣುತ್ತಲ್ಲ, ಅವು ಈ ಕ್ಲಿಯರ್ ಕೋಟ್ ಮೇಲೇ ಇರೋದು. ಕಾಂಪೌಂಡ್‌ನಲ್ಲಿರೋ ನುಣ್ಣನೆ ಕಣಗಳು ಗೀರಿನ ಸುತ್ತಲಿನ ಭಾಗವನ್ನ ಸವೆಸಿ ಸಮ ಮಾಡುತ್ತವೆ. ಹಂಗಾಗಿ ಗೀರು ಕಾಣಲ್ಲ. ಆದ್ರೆ ಸವೆದು ಹೋದ ಪದರ ವಾಪಸ್ ಬರಲ್ಲ. ಪ್ರತಿ ವರ್ಷ ಹಬ್ಬಕ್ಕೆ ಕಾಂಪೌಂಡ್ ಹಾಕಿಸೋ ಅಭ್ಯಾಸ ಒಳ್ಳೇದಲ್ಲ ಅನ್ನೋದು ಇದೇ ಕಾರಣಕ್ಕೆ.

ಯಾವ ಮಷೀನ್ ತಗೋಬೇಕು?

ಪಾಲಿಶ್ ಮಷೀನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ರೋಟರಿಯಲ್ಲಿ ಪ್ಯಾಡ್ ಒಂದೇ ಕೇಂದ್ರದ ಮೇಲೆ ಗಿರ್ರನೆ ಸುತ್ತುತ್ತೆ. ಕೆಲಸ ಬೇಗ ಆಗುತ್ತೆ, ಆದ್ರೆ ಒಂದೇ ಕಡೆ ಬಿಸಿಯೂ ಬೇಗ ಏರುತ್ತೆ. ಇದು ಕೈ ಪಳಗಿದವರಿಗೆ. ಡ್ಯುಯಲ್ ಆ್ಯಕ್ಷನ್, ಅಂದ್ರೆ ಡಿಎ ಮಷೀನ್‌ನಲ್ಲಿ ಪ್ಯಾಡ್ ಸುತ್ತುತ್ತಾ ಅತ್ತಿತ್ತ ಅಲುಗುತ್ತೆ. ಇವುಗಳಲ್ಲಿ ಹೆಚ್ಚಿನವು ಜಾಸ್ತಿ ಒತ್ತಿದ್ರೆ ಸುತ್ತೋದನ್ನೇ ನಿಲ್ಲಿಸುತ್ತವೆ. ಹೊಸಬರಿಗೆ ಅದೇ ರಕ್ಷಣೆ.

ಗ್ರೈಂಡರ್ ಮಾತ್ರ ಬೇಡವೇ ಬೇಡ. ಅದು ನಿಮಿಷಕ್ಕೆ ಸಾಮಾನ್ಯವಾಗಿ 10,000ಕ್ಕೂ ಹೆಚ್ಚು ಸುತ್ತು ಸುತ್ತುತ್ತೆ. ರೋಟರಿ ಪಾಲಿಶರ್ ಗರಿಷ್ಠ ವೇಗವೇ 3,000ದ ಆಸುಪಾಸು. ಕಬ್ಬಿಣ ಕತ್ತರಿಸೋ ಮಷೀನ್ ಬಣ್ಣಕ್ಕೆ ಹಿಡಿದ್ರೆ ಏನಾಗುತ್ತೆ ಅಂತ ನನ್ನ ಬಾನೆಟ್ ಹೇಳುತ್ತೆ.

ಮಷೀನ್ ಮುಟ್ಟೋ ಮುಂಚೆ

ಅರ್ಧ ಕೆಲಸ ಇಲ್ಲೇ ಇದೆ. ಕಾರಿನ ಮೇಲೆ ಧೂಳು ಉಳಿದಿದ್ರೆ ಪ್ಯಾಡ್ ಉಪ್ಪುಕಾಗದದ ಕೆಲಸ ಮಾಡುತ್ತೆ.

- ಶಾಂಪೂ ನೀರಿಗೆ ಒಂದು ಬಕೆಟ್, ಬಟ್ಟೆ ಜಾಲಿಸೋಕೆ ಇನ್ನೊಂದು ಬಕೆಟ್ ಇಟ್ಕೊಂಡು ನೆರಳಲ್ಲಿ ತೊಳೆಯಿರಿ.
- ನಮ್ಮ ಕಡೆ ಬೋರ್‌ವೆಲ್ ನೀರಿನ ಬಿಳಿ ಕಲೆ ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲೇ ಕಾಂಪೌಂಡ್ ಬೇಡ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರೋ ಬಾಡಿ ಮೇಲೆ ಒರೆಸಿ, ಒಣಗೋಕೆ ಬಿಡದೆ ತೊಳೆದುಬಿಡಿ. ಎಷ್ಟೋ ಕಲೆ ಇಷ್ಟಕ್ಕೇ ಹೋಗುತ್ತೆ.
- ತೊಳೆದ ಮೇಲೂ ಕೈಗೆ ತರಿತರಿ ಅನಿಸಿದ್ರೆ ಕ್ಲೇ ಬಾರ್ ಬಳಸಿ. ಶಾಂಪೂ ನೀರು ಚಿಮುಕಿಸುತ್ತಾ ಹಗುರವಾಗಿ ಜಾರಿಸಿ.
- ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಬಾನೆಟ್ ಮತ್ತು ಬಾಗಿಲಿನ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚಲ್ಲಿ ಬಣ್ಣ ತೆಳುವಾಗಿರುತ್ತೆ, ಮಷೀನ್ ಒತ್ತಡವೂ ಅಲ್ಲೇ ಜಾಸ್ತಿ ಬೀಳುತ್ತೆ.

ಆಮೇಲೆ ಉಗುರಿನಿಂದ ಗೀರು ಮುಟ್ಟಿ ನೋಡಿ. ಉಗುರು ಸಿಕ್ಕಿಕೊಂಡ್ರೆ ಗೀರು ಆಳಕ್ಕಿಳಿದಿದೆ ಅಂತ ಅರ್ಥ. ಅದನ್ನ ಪಾಲಿಶ್‌ನಲ್ಲಿ ತೆಗೆಯೋ ಹಠ ಬೇಡ.

ಮೊದಲು ಒಂದೂವರೆ ಅಡಿ ಜಾಗ

ಇಡೀ ಕಾರಿಗೆ ಕೈ ಹಾಕಬೇಡಿ. ಬಾನೆಟ್ ಮಧ್ಯದಲ್ಲಿ ಒಂದೂವರೆ ಅಡಿ ಚೌಕ ಗುರುತಿಸಿ. ಅತಿ ಮೆತ್ತನೆ ಫೋಮ್ ಪ್ಯಾಡ್, ಅತಿ ನುಣುಪಿನ ಪಾಲಿಶ್, ಇವೆರಡರಿಂದಲೇ ಶುರು ಮಾಡಿ. ಅದರಲ್ಲಿ ಆಗದಿದ್ರೆ ಮಾತ್ರ ಒಂದು ಹಂತ ಗಟ್ಟಿಯದಕ್ಕೆ ಹೋಗಿ.

ಪ್ಯಾಡ್ ಮೇಲೆ ಬಟಾಣಿ ಗಾತ್ರದ ಮೂರು-ನಾಲ್ಕು ಹನಿ ಸಾಕು. ಮಷೀನ್ ಆಫ್ ಇದ್ದಾಗಲೇ ಬಾಡಿ ಮೇಲೆ ಇಟ್ಟು, ಕಡಿಮೆ ವೇಗದಲ್ಲಿ ಹರಡಿ, ಆಮೇಲೆ 4 ಅಥವಾ 5ನೇ ನಂಬರ್‌ಗೆ ಏರಿಸಿ. ಕೈ ನಿಧಾನವಾಗಿ ಸಾಗಲಿ, ಸೆಕೆಂಡಿಗೆ ಎರಡು-ಮೂರು ಸೆಂಟಿಮೀಟರ್. ಒಂದು ಸಾಲಿನ ಅರ್ಧಕ್ಕೆ ಮುಂದಿನ ಸಾಲು ಬರಲಿ. ಮೊದಲು ಅಡ್ಡ, ಆಮೇಲೆ ಉದ್ದ, ಹೀಗೆ ನಾಲ್ಕರಿಂದ ಆರು ಸಲ. ಮಷೀನ್ ಭಾರವೇ ಬಹುತೇಕ ಸಾಕು, ಮೈಮೇಲೆ ಬಿದ್ದು ಒತ್ತಬೇಡಿ.

ಮುಗಿದ ಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಇನ್ನೊಮ್ಮೆ ಒರೆಸಿ. ಪಾಲಿಶ್‌ನ ಎಣ್ಣೆ ಅಂಶ ಗೀರನ್ನ ಮುಚ್ಚಿಟ್ಟಿರುತ್ತೆ, ಅದು ಹೋದ ಮೇಲೆ ಕಾಣೋದೇ ನಿಜವಾದ ಫಲಿತಾಂಶ. ಮೊಬೈಲ್ ಟಾರ್ಚ್ ಹಾಕಿ ನೋಡಿ. ಇಷ್ಟವಾದ್ರೆ ಅದೇ ಕ್ರಮದಲ್ಲಿ ಉಳಿದ ಭಾಗ ಮಾಡಿ.

ವೈರ್ ಹೆಗಲ ಮೇಲಿರಲಿ, ಒದ್ದೆ ನೆಲದಲ್ಲಿ ನಿಂತು ಮಷೀನ್ ಓಡಿಸಬೇಡಿ. ಮಾಸ್ಕ್, ಕನ್ನಡಕ ಹಾಕ್ಕೊಳ್ಳಿ.

ಇಲ್ಲಿ ಕೈ ಬಿಡಿ

ಪ್ಯಾಡ್‌ಗೆ ಕಾರಿನ ಬಣ್ಣ ಹತ್ತಿದ್ರೆ ತಕ್ಷಣ ನಿಲ್ಲಿಸಿ, ಕ್ಲಿಯರ್ ಕೋಟ್ ಮುಗಿದಿರಬಹುದು. ಕ್ಲಿಯರ್ ಕೋಟ್ ಇಲ್ಲದ ಹಳೇ ಕಾರುಗಳಲ್ಲಿ ಮಾತ್ರ ಬಣ್ಣ ಹತ್ತೋದು ಸಹಜ. ಬಾಡಿ ಮುಟ್ಟೋಕಾಗದಷ್ಟು ಬಿಸಿಯಾದ್ರೂ ನಿಲ್ಲಿಸಿ. ಪ್ಲಾಸ್ಟಿಕ್ ಬಂಪರ್‌ನಲ್ಲಿ ಬಿಸಿ ಹರಡಿಕೊಳ್ಳಲ್ಲ, ಅಲ್ಲಿ ಇನ್ನಷ್ಟು ಹುಷಾರು. ಟಿಂಕರಿಂಗ್ ಮಾಡಿಸಿ ಮತ್ತೆ ಪೇಂಟ್ ಹೊಡೆಸಿದ ಭಾಗದಲ್ಲಿ ಪದರದ ದಪ್ಪ ಊಹಿಸೋಕಾಗಲ್ಲ, ಪೇಂಟರ್‌ನ ಕೇಳಿಯೇ ಮುಂದುವರಿಯಿರಿ. ಮ್ಯಾಟ್ ಫಿನಿಶ್ ಕಾರಿಗಂತೂ ಪಾಲಿಶ್ ಸಲ್ಲದು.

ಗೀರು ಮತ್ತೆ ಬರದಂಗೆ

ಕೊನೆಗೆ ವ್ಯಾಕ್ಸ್ ಅಥವಾ ಸೀಲೆಂಟ್ ಹಚ್ಚಿ. ಆದ್ರೆ ಅದು ಗೀರು ತಡೆಯೋ ಕವಚ ಅಲ್ಲ. ಬೆಳಗ್ಗೆ ಎದ್ದು ಒಣಬಟ್ಟೆಯಲ್ಲಿ ಧೂಳು ಒರೆಸೋ ಅಭ್ಯಾಸವೇ ಗೀರಿಗೆ ದೊಡ್ಡ ಕಾರಣ. ಅದು ಬಿಟ್ಟರೆ ಪಾಲಿಶ್ ಅಗತ್ಯವೇ ಅಪರೂಪವಾಗುತ್ತೆ.

ಪೂಜೆ ಆದ ಮರುದಿನವೂ ಅಷ್ಟೇ. ಅರಿಶಿನ, ಕುಂಕುಮ, ವಿಭೂತಿಯನ್ನ ಒಣಗಿದ ಮೇಲೆ ಉಜ್ಜಿ ತೆಗೆಯಬೇಡಿ. ಧಾರಾಳ ನೀರು ಹಾಕಿ ನೆನೆಸಿ ತೊಳೆಯಿರಿ. ಇಡೀ ಭಾನುವಾರ ಬೆವರು ಸುರಿಸಿ ತಂದ ಹೊಳಪು ಮುಂದಿನ ಹಬ್ಬದವರೆಗೂ ಉಳಿಯುತ್ತೆ.