ನಿಮಗಿದು ಗೊತ್ತೆ? ವೈಮಾನಿಕರ ತುಪ್ಪುಳಂಗಿ
1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಿಂದ ಸ್ಥಾಪಿಸಿದ ಬೆಂಗಳೂರಿನ ವಿಮಾನಪುರದ ವಿಮಾನ ಕಾರ್ಖಾನೆಯು, 1943ರಲ್ಲಿ ಅಮೆರಿಕದ ಸೇನಾ ವಾಯುಬಲದ ಆಡಳಿತಕ್ಕೊಳಪಟ್ಟು, ಯುದ್ಧವಿಮಾನಗಳ ಬೃಹತ್ ದುರಸ್ತಿಶಾಲೆಯಾಗಿ ಪರಿಣಮಿಸಿತು. ಆ ಪಡೆಯ ವೈಮಾನಿಕರ ಚಳಿಯಂಗಿಗಳು ಇಂದು ಸಂಗ್ರಾಹಕರಿಗೆ ಪ್ರಾಣಪ್ರಿಯ. 25,000 ಅಡಿ ಎತ್ತರದಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿಗೂ ಕೆಳಗಿಳಿಯುವುದರಿಂದ, ಬಿ-3 ಎಂಬ ಅಂಗಿಯನ್ನು ತುಪ್ಪುಳು ಒಳಮುಖವಾಗಿರುವಂತೆ ಇಡಿಯ ಕುರಿದೊಗಲಿನಿಂದಲೇ ಹೊಲಿಯುತ್ತಿದ್ದರು. (ಬೆಂಗಳೂರಿನ ಬಿಸಿಲಲ್ಲಿ ಅದನ್ನು ತೊಡುವುದು ಶಿಕ್ಷೆಯೇ ಸರಿ!) 1944ರ ಬಿ-15ರಲ್ಲಿ ಒಡಲಿಗೆ ಬಟ್ಟೆ ಬಂದು, ತುಪ್ಪುಳು ಕೊರಳಪಟ್ಟಿಯೊಂದರಲ್ಲೇ ಉಳಿಯಿತು; ಅದೂ ಪ್ಯಾರಾಚೂಟಿನ ಪಟ್ಟಿಗಳಿಗೆ ತೊಡಕಾದ ಕಾರಣ, ಮುಂದೆ ಎಂಎ-1 ಎಂಬ ಅಂಗಿಯಲ್ಲಿ ಹೆಣೆದ ಕೊರಳಪಟ್ಟಿಗೆ ಎಡೆಗೊಟ್ಟಿತು. ಹುಳು ತಿನ್ನದ ಮೂಲ ತುಪ್ಪುಳು ದುರ್ಲಭ. ಅದರ ಜೊತೆಗೆ, ಭಾರತೀಯ ಕುಶಲಿಗರು ಕೈಯಾರೆ ರಚಿಸಿದ ಚೀನಾ-ಬರ್ಮಾ-ಇಂಡಿಯಾ ರಣರಂಗದ ಲಾಂಛನವೂ ತೋಳಿನಲ್ಲಿದ್ದರೆ, ಅಂಗಿಯ ಬೆಲೆಗೆ ಮಿತಿಯಿಲ್ಲ.