ಮನೋವೈದ್ಯನ ಕನ್ನಡ

ಮಲೇರಿಯವನ್ನು ರಕ್ತಪರೀಕ್ಷೆ ಹೇಳುತ್ತದೆ. ಮುರಿದ ಮೂಳೆಯನ್ನು ಕ್ಷ-ಕಿರಣ ತೋರಿಸುತ್ತದೆ. ನೊಂದ ಮನಸ್ಸನ್ನು ಅರಿಯಲು ವೈದ್ಯನಿಗಿರುವ ಮುಖ್ಯ ಸಾಧನ ಮಾತು. ಆ ಮಾತು ಯಾವ ಭಾಷೆಯದು? ಅವನು ಓದಿದ ಗ್ರಂಥಗಳಲ್ಲಿ ರೋಗಗಳ ಹೆಸರೆಲ್ಲ ಇಂಗ್ಲಿಷಿನವು. ಎದುರಿಗೆ ಕುಳಿತ ತಾಯಿಯಾದರೋ "ಎದೆ ಡವಗುಟ್ಟುತ್ತೆ, ಊಟ ಸೇರೋಲ್ಲ, ಏನೋ ಗಾಳಿ ಸೋಕಿರಬೇಕು" ಎನ್ನುತ್ತಾಳೆ. ಇವೆರಡರ ನಡುವಣ ಹಾದಿಯನ್ನು ಕ್ರಮಿಸದ ವಿದ್ಯೆ ರೋಗಿಯನ್ನು ಮುಟ್ಟಲಾರದು.

ಬೆಂಗಳೂರಿನಲ್ಲಿ ಈ ವಿದ್ಯೆಗೆ ಹಳೆಯ ನೆಲೆಯುಂಟು. ಇಲ್ಲಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. 1954ರಲ್ಲಿ ಅದರ ಮಗ್ಗುಲಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಡಾ. ಎಂ.ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದರು. ಮನೋವೈದ್ಯರನ್ನು ಈ ದೇಶದಲ್ಲಿಯೇ ತರಬೇತುಗೊಳಿಸುವ ಕಾರ್ಯ ಅಲ್ಲಿ ಬೇರೂರಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಎನಿಸಿದವು.

ಆದರೆ ಆಸ್ಪತ್ರೆ ಎಷ್ಟೇ ದೊಡ್ಡದಾಗಲಿ, ಹಳ್ಳಿಯ ರೋಗಿ ಅದರ ಬಾಗಿಲಿಗೆ ಬರಬೇಕಲ್ಲವೆ? ದಾರಿಯ ಖರ್ಚು, ಕೂಲಿಯ ನಷ್ಟ, ಅದಕ್ಕಿಂತ ಮಿಗಿಲಾಗಿ ನಾಲ್ಕು ಜನರ ನಾಚಿಕೆ ಅಡ್ಡ ನಿಲ್ಲುತ್ತವೆ. ಆದುದರಿಂದ ವೈದ್ಯವೇ ಹಳ್ಳಿಗೆ ಹೊರಟಿತು. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸಿನ ಸಮುದಾಯ ವಿಭಾಗ ನಗರದ ಹೊರಗಿನ ಸಕಲವಾರದಲ್ಲಿ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆಗೆ ಹೋಗುವ ಕಾರ್ಯಕರ್ತರಿಗೂ ಶಿಕ್ಷಣ ನೀಡಿತು. ಉನ್ಮಾದ, ಖಿನ್ನತೆ, ಮೂರ್ಛೆರೋಗಗಳನ್ನು ಗುರುತಿಸುವುದು, ಕೆಲವೇ ಔಷಧಿಗಳಿಂದ ಉಪಚರಿಸುವುದು, ಮದ್ದು ತಪ್ಪದಂತೆ ನೋಡಿಕೊಳ್ಳುವುದು: ಇಷ್ಟೇ ಪಾಠ. 1985ರಲ್ಲಿ ಈ ಕ್ರಮ ಇಡೀ ಬಳ್ಳಾರಿ ಜಿಲ್ಲೆಗೆ ಹರಡಿತು. ಅದೇ ಮಾದರಿ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಈ ಸಮುದಾಯ ಸೇವೆಯಲ್ಲಿ ದುಡಿದವರಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಒಬ್ಬರು. ಹಳ್ಳಿಗಳಲ್ಲಿ ಮನೋರೋಗ ಚಿಕಿತ್ಸೆಯನ್ನು ಕುರಿತು 1981ರಲ್ಲಿಯೇ ಸಹೋದ್ಯೋಗಿಗಳೊಡನೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದ ಅವರು, ಅಷ್ಟಕ್ಕೆ ನಿಲ್ಲಲಿಲ್ಲ. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ ಜನಸಾಮಾನ್ಯರಿಗಾಗಿ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ರಚಿಸಿದರು. ನಿವೃತ್ತರಾದ ಮೇಲೂ ಬೆಂಗಳೂರಿನ 'ಸಮಾಧಾನ' ಕೇಂದ್ರದ ಮೂಲಕ ಉಚಿತವಾಗಿ ಆಪ್ತಸಲಹೆಯ ಕಾರ್ಯ ನಡೆಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸಾಹಿತ್ಯಚರಿತ್ರೆಕಾರರು ಇಂಥ ಪುಸ್ತಕಗಳ ಕಡೆ ಕಣ್ಣು ಹಾಯಿಸುವುದು ವಿರಳ. ಆದರೆ 'ಇದು ಪಾಪದ ಫಲವಲ್ಲ, ರೋಗ. ಇದಕ್ಕೆ ಮದ್ದುಂಟು' ಎಂಬ ವಾಕ್ಯವನ್ನು ಮನೆಮಾತಾಗಿಸುವುದು ಭಾಷೆಗೆ ಸಣ್ಣ ಸೇವೆಯೆ?

ಒಂದು ಕಾಲಕ್ಕೆ ಹಳ್ಳಿಯಾಗಿದ್ದ ನಮ್ಮ ಹೊಸಹಳ್ಳಿಯ ನೆತ್ತಿಯ ಮೇಲೆ ಇಂದು ಮೆಟ್ರೊ ಓಡುತ್ತಿದೆ. ನಿಮ್ಹಾನ್ಸ್ ಇಲ್ಲಿಗೆ ದೂರವೇನಲ್ಲ. ಆದರೂ ತರಗತಿಯಲ್ಲಿ, ಬೀದಿಯಲ್ಲಿ "ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು" ಎಂಬ ಹಾಸ್ಯ ಇನ್ನೂ ಸತ್ತಿಲ್ಲ. ಆ ನಗೆಯನ್ನು ಕೇಳಿದ ಬಾಲಕ ತನ್ನ ನಿದ್ದೆಗೆಟ್ಟ ರಾತ್ರಿಗಳನ್ನು ಯಾರ ಮುಂದೆ ತೋಡಿಕೊಂಡಾನು? ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟ. ವೈದ್ಯರು ಕನ್ನಡ ಕಲಿತು ನಮ್ಮ ಬಾಗಿಲಿಗೆ ಬಂದಿದ್ದಾರೆ. ನಮ್ಮ ಕನ್ನಡದಿಂದ ಈ ಒಂದು ಗೇಲಿಯನ್ನು ತೆಗೆದುಹಾಕುವ ಕೆಲಸ ಉಪಾಧ್ಯಾಯರಾದ ನಮ್ಮದು.