ಆಸ್ಪತ್ರೆ ಸೋಂಕು: ತಡೆ ಮನೆಯವರ ಕೈಯಲ್ಲೂ ಇದೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾರಾದರೂ ಆಸ್ಪತ್ರೆಗೆ ದಾಖಲಾದರೆ ಮನೆಯವರೊಬ್ಬರು ಜೊತೆಗೆ ನಿಲ್ಲುವುದು ವಾಡಿಕೆ. ಗಂಜಿ ಕುಡಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು ಹೆಚ್ಚಾಗಿ ಅವರದೇ ಕೆಲಸ. ಸಂಜೆ ಎಳನೀರು, ಹಣ್ಣು ಹಿಡಿದು ನೆಂಟರೂ ಬರುತ್ತಾರೆ. ಹೀಗೆ ರೋಗಿಯನ್ನು ಮುಟ್ಟುವ ಕೈಗಳು ಹಲವು. ಆದ್ದರಿಂದ ಸೋಂಕು ತಡೆಯುವ ಪಾಠ ವೈದ್ಯರು, ದಾದಿಯರಿಗಷ್ಟೇ ಸಾಲದು.

ದಾಖಲಾಗುವಾಗ ಇಲ್ಲದೆ, ಸಾಮಾನ್ಯವಾಗಿ 48 ಗಂಟೆಗಳ ಅನಂತರ ಕಾಣಿಸಿಕೊಳ್ಳುವ ಸೋಂಕೇ ‘ಆಸ್ಪತ್ರೆ ಸೋಂಕು’. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಶ್ರೀಮಂತ ದೇಶಗಳಲ್ಲಿ 100 ಒಳರೋಗಿಗಳ ಪೈಕಿ 7 ಮಂದಿಗೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಇಂತಹ ಸೋಂಕು ತಗಲುತ್ತದೆ.

ಕೈ ಇದರ ಮುಖ್ಯ ವಾಹಕ. 1847ರಲ್ಲಿ ವಿಯೆನ್ನಾದ ಹೆರಿಗೆ ವಿಭಾಗವೊಂದರಲ್ಲಿ ವೈದ್ಯ ಸೆಮೆಲ್ವೈಸ್, ಬಾಣಂತಿಯರನ್ನು ಪರೀಕ್ಷಿಸುವ ಮುನ್ನ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ಶೇಕಡ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ವೇಳೆಗೆ ಸುಮಾರು ಶೇಕಡ 2ಕ್ಕೆ ಇಳಿಯಿತು. ಆಗಿನ್ನೂ ರೋಗಾಣು ಸಿದ್ಧಾಂತ ನೆಲೆಗೊಂಡಿರಲಿಲ್ಲ ಎಂಬುದು ಗಮನಾರ್ಹ.

ನಮ್ಮ ಚರ್ಮ ರೋಗಾಣುಗಳಿಗೆ ಗೋಡೆಯಿದ್ದಂತೆ. ಡ್ರಿಪ್ ಸೂಜಿ, ಶಸ್ತ್ರಕ್ರಿಯೆಯ ಗಾಯ ಈ ಗೋಡೆಯಲ್ಲಿ ಬಾಗಿಲು ತೆರೆಯುತ್ತವೆ. ಮೂತ್ರದ ಕೊಳವೆ ರೋಗಾಣುಗಳಿಗೆ ಒಳದಾರಿಯಾಗುತ್ತದೆ. ಕೊಳವೆಯ ಮೇಲೆ ಬ್ಯಾಕ್ಟೀರಿಯಾಗಳು ಲೋಳೆಯ ಪೊರೆ ಕಟ್ಟಿಕೊಂಡರೆ ಔಷಧವೂ ಸುಲಭವಾಗಿ ನಾಟದು. ರೋಗಿಯನ್ನು ಮಂಗಳೂರಿಗೆ ಸಾಗಿಸುವಾಗ ಮೂತ್ರದ ಚೀಲವನ್ನು ಹೊಟ್ಟೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿಯಬಹುದು. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು.

ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ಬಳಿಕ ಕೈ ಶುಚಿ ಮಾಡಿಕೊಳ್ಳಬೇಕು. ಸೋಪು-ನೀರಾದರೆ 40ರಿಂದ 60 ಸೆಕೆಂಡು, ಆಲ್ಕೊಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು. ಕೈಯಲ್ಲಿ ಕೊಳೆ ಕಂಡರೆ ಅಥವಾ ರೋಗಿಗೆ ಭೇದಿಯಿದ್ದರೆ ಸೋಪೇ ಬೇಕು. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಆಲ್ಕೊಹಾಲಿಗೆ ಸಾಯುವುದಿಲ್ಲ. ಕೆಮ್ಮು, ಜ್ವರ ಇರುವವರು ರೋಗಿಯನ್ನು ನೋಡಲು ಹೋಗದಿರುವುದೇ ಲೇಸು.

ಇದನ್ನು ತರಗತಿಯಲ್ಲಿ ತೋರಿಸಬಹುದು. ಒಬ್ಬ ವಿದ್ಯಾರ್ಥಿಯ ಅಂಗೈಗೆ ಕೊಬ್ಬರಿ ಎಣ್ಣೆ ಸವರಿ ಚಿಟಿಕೆ ರಂಗೋಲಿ ಬಣ್ಣ ಹಚ್ಚಿ. ಆತ ನಾಲ್ವರ ಕೈ ಕುಲುಕಲಿ. ಇಬ್ಬರು ಬರೀ ನೀರಿನಲ್ಲಿ, ಇಬ್ಬರು ಸೋಪಿನಿಂದ ತೊಳೆಯಲಿ. ಉಗುರಿನ ಸಂದಿ, ಹೆಬ್ಬೆರಳಿನ ಬುಡದಲ್ಲಿ ಬಣ್ಣ ಉಳಿದಿದೆಯೇ ಎಂದು ಹೋಲಿಸಿ ನೋಡಿ.

ದಾದಿಯನ್ನು ‘ಕೈ ತೊಳೆದಿರಾ?’ ಎಂದು ಕೇಳಲು ಸಂಕೋಚವಾಗುವುದು ಸಹಜ. ‘ಸಿಸ್ಟರ್, ನಾನು ಕೈ ತೊಳೆದು ಬಂದೆ, ನಿಮಗೂ ಸೋಪು ಕೊಡಲೇ?’ ಎನ್ನಬಹುದಲ್ಲ! ‘ಈ ಕೊಳವೆ ಇನ್ನೂ ಬೇಕೇ?’ ಎಂದು ವೈದ್ಯರನ್ನು ದಿನವೂ ವಿಚಾರಿಸಿ. ಕೊಳವೆ ಉಳಿದಷ್ಟು ದಿನ ಅಪಾಯವೂ ಬೆಳೆಯುತ್ತದೆ.